ಜೋಡಿಕೊಂಬಿನ ಎಳೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಪ್ರತಿ ಹುಣ್ಣಿಮೆಯ ಬೆಳಗ್ಗೆ ಅಲ್ಲಿಯವರು ತಮ್ಮ ಗತಿಸಿದ ಹಿರಿಯ ಗುರುಗಳ ಪಾದುಕೆಯನ್ನು ತಲೆಯ ಮೇಲಿಟ್ಟುಕೊಂಡು ಬಾಗಿಲಿನಿಂದ ನೀರಿನವರೆಗೆ ನಡೆಯುತ್ತಿದ್ದರು. ಪಾದುಕೆಯ ಮುಂದೆ ಎರಡು ದೊಡ್ಡ ಕೊಂಬುಗಳು ಹೋಗುತ್ತಿದ್ದವು.

ಅವು ಕೈಯಲ್ಲಿ ಹಿಡಿದು ಊದುವ ಕೊಂಬುಗಳಲ್ಲ. ಸೊಂಟದಿಂದ ಏರಿ, ಹೆಗಲನ್ನು ಬಳಸಿ, ತಲೆಯ ಮೇಲಿಂದ ಮುಂದಕ್ಕೆ ಬಾಯಿ ತೆರೆಯುವ ಕಂಚಿನ ಕೊಂಬುಗಳು. ಹೊತ್ತು ನಡೆಯಬೇಕು. ನಡೆಯುತ್ತಲೇ ಊದಬೇಕು.

ಬಲಗಡೆಯ ಕೊಂಬು ಈರಭದ್ರನದು. ಎಡಗಡೆಯದು ಮಾಳಿಂಗನದು.

ಬಾಗಿಲಿನಿಂದ ನೀರಿನವರೆಗೆ ನಾದ ಕಡಿಯಬಾರದು. ಅದಕ್ಕೆ ಅವರು ಎಳೆ ಎನ್ನುತ್ತಿದ್ದರು. ಇಬ್ಬರೂ ಕೂಡಿ ಊದುತ್ತಾರೆ. ಒಬ್ಬ ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬ ಎಳೆಯನ್ನು ಹಿಡಿದಿರುತ್ತಾನೆ. ಇವನು ಬಂದು ಸೇರಿಕೊಂಡ ಮೇಲೆ ಅವನು ಬಿಡುತ್ತಾನೆ.

ಒಂಟಿ ಕೊಂಬನ್ನು ಆಶ್ರಮದಲ್ಲಿ ಯಾರೂ ಊದುವುದಿಲ್ಲ, ಸಾಧನೆಗೂ ಇಲ್ಲ. ಆ ಸೀಮೆಯಲ್ಲಿ ಒಂಟಿ ಕೊಂಬು ಕೂಗುವುದು ಸಾವಿನ ಮನೆಯ ಮುಂದೆ ಮಾತ್ರ.

ಇಬ್ಬರಿಗೂ ಕಲಿಸಿದವರು ಗುರು ಅಡವಯ್ಯನವರು. ಹಲ್ಲು ಬಿದ್ದ ಮೇಲೆ ಅವರು ಊದುವುದನ್ನು ಬಿಟ್ಟಿದ್ದರು. ಕೇಳುವುದನ್ನು ಬಿಟ್ಟಿರಲಿಲ್ಲ.

ಒಂದು ಶ್ರಾವಣದ ಹುಣ್ಣಿಮೆ. ಹೊಳೆ ಕೆಂಪಾಗಿ ಮೆಟ್ಟಿಲಿನ ಅರ್ಧಕ್ಕೆ ಬಂದಿತ್ತು. ಮೆಟ್ಟಿಲು ಇಳಿಯುವಾಗ ಮಾಳಿಂಗನ ನಾದ ನಿಂತಿತು.

ಉಸಿರು ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಂಡ ಈರಭದ್ರ. ಎಳೆಯನ್ನು ಹಿಡಿದ.

ಮಾಳಿಂಗ ಬಂದು ಸೇರಿಕೊಳ್ಳಲಿಲ್ಲ. ಈರಭದ್ರ ಇನ್ನೂ ಹಿಡಿದ. ಎದೆ ಉರಿಯಿತು, ಕಣ್ಣು ಕತ್ತಲಿಟ್ಟಿತು. ಏನು ಈ ಸೋಮಾರಿ ಎಂದು ಮನಸ್ಸಿನಲ್ಲೇ ಬೈದುಕೊಂಡ. ಬೈದುಕೊಂಡೂ ಹಿಡಿದ.

ಹಿಂದಿನಿಂದ ಯಾರೋ ಬಂದು ಅವನ ಕೈ ಹಿಡಿದು ಕೊಂಬನ್ನು ತುಟಿಯಿಂದ ಬಿಡಿಸಿದರು.

ತಿರುಗಿ ನೋಡಿದ. ಮಾಳಿಂಗ ಮೇಲಿನ ಮೆಟ್ಟಿಲ ಮೇಲೆ ಬಿದ್ದಿದ್ದ. ಕೊಂಬು ಇನ್ನೂ ಅವನ ಹೆಗಲನ್ನು ಬಳಸಿಯೇ ಇತ್ತು. ಮುಖ ನಿದ್ದೆಯವನ ಮುಖದಂತಿತ್ತು, ಉಸಿರು ಇರಲಿಲ್ಲ.

ಅಷ್ಟು ಹೊತ್ತು ತಾನು ಊದಿದ್ದು ಒಂಟಿ ಕೊಂಬು ಎಂಬುದು ಈರಭದ್ರನಿಗೆ ಆಮೇಲೆ ಹೊಳೆಯಿತು.

*

ಮಾಳಿಂಗನ ಕೊಂಬನ್ನು ಚೀಲದಲ್ಲಿ ಹಾಕಿ ತನ್ನ ಕೋಣೆಯ ಗೋಡೆಗೆ ತೂಗುಹಾಕಬೇಕು ಎಂದು ಅವನು ಗುರುಗಳಲ್ಲಿ ಬೇಡಿಕೊಂಡ. ಮಾರನೆಯ ದಿನ ಸಂಜೆ ಗೋಡೆಯ ಮೇಲೆ ಚೀಲ ತೂಗುತ್ತಿತ್ತು. ಯಾರೂ ಅದನ್ನು ಮುಟ್ಟಕೂಡದು ಎಂದ ಈರಭದ್ರ. ತಾನೂ ಮುಟ್ಟಲಿಲ್ಲ. ಬೆಳಗ್ಗೆ ಎದ್ದು ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ, ಅಷ್ಟೆ.

ಮಾಳಿಂಗನ ಕೊಂಬಿಗೆ ಸಮನಾದ ಕೊಂಬು ಸಿಗುವವರೆಗೆ ತನ್ನದನ್ನು ತುಟಿಗೆ ಇಡುವುದಿಲ್ಲ ಎಂದು ಆಣೆ ಮಾಡಿದ. ಗುರುಗಳು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ಚಳಿಗಾಲದಲ್ಲಿ ಮೇಲಿನ ಊರಿನಿಂದ ಓಬಳನೆಂಬವನು ಬಂದ. ಕುಳ್ಳ, ಎದೆ ಮಾತ್ರ ಭತ್ತದ ಕಣಜದ ಹಾಗೆ. ಎಡಗಡೆಗೆ ನಿಲ್ಲಲು ಇವನು ಆಗಬಹುದು ಎಂದರು ಗುರುಗಳು. ಮೊದಲು ಕೊಂಬು ಸಿಗಲಿ, ಆಮೇಲೆ ಆಳು ಎಂದ ಈರಭದ್ರ.

ಹೀಗೆ ಕಂಚುಗಾರ ಕಾಳಾಚಾರಿ ಕೊಂಬಿನ ಮೇಲೆ ಕೊಂಬು ಎರೆದು ತರತೊಡಗಿದ. ಈರಭದ್ರ ಒಂದೊಂದನ್ನೂ ಪರೀಕ್ಷಿಸಿದ.

ಅವನ ಬಳಿ ಗಂಟು ಹಾಕಿದ ಒಂದು ದಾರವಿತ್ತು. ತನ್ನ ಕೊಂಬಿನ ಉದ್ದ, ಅದರ ಮೇಲೆ ಎರಡು ಬೆರಳು. ಮಾಳಿಂಗನದು ತನ್ನದಕ್ಕಿಂತ ಅಷ್ಟು ದೊಡ್ಡದಾಗಿತ್ತು ಎಂದು ಅವನಿಗೆ ಚೆನ್ನಾಗಿ ನೆನಪಿತ್ತು. ದಾರದಿಂದ ಅಳೆದಾದ ಮೇಲೆ ಕೊಂಬನ್ನು ನಡುವಿನಲ್ಲಿ ಬಟ್ಟೆ ಕಟ್ಟಿ ಮರದ ಕೊಂಬೆಗೆ ತೂಗುಬಿಡುತ್ತಿದ್ದ. ಬಾಯಿ ಕೆಳಗೆ ವಾಲಬಾರದು, ಬುಡ ಮೇಲೆ ಏಳಬಾರದು. ಕೊನೆಯದು ನಾದ. ಓಬಳ ಹೊಳೆ ದಾಟುವ ಹಾಯ್ಗಡದ ಬಳಿ, ಆಶ್ರಮದ ಎಲ್ಲೆಯ ಹೊರಗೆ ನಿಂತು ಊದುತ್ತಿದ್ದ. ಈರಭದ್ರ ಅವನಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ.

ಕೇಳಿ ತಲೆ ಅಲ್ಲಾಡಿಸುತ್ತಿದ್ದ.

ಬೇಡವಾದ ಕೊಂಬಿಗೆ ಅಲ್ಲೊಂದು ಪದ್ಧತಿ. ಬೇಡ ಎಂದವನೇ ಅದರ ಬಾಯಿಗೆ ಮೊದಲ ಸುತ್ತಿಗೆ ಏಟು ಹಾಕಬೇಕು. ಆಮೇಲೆ ಅದು ಕಂಚು ಕರಗಿಸುವ ಮೂಸೆಗೆ. ಕೆಟ್ಟ ಕೊಂಬು ಆಶ್ರಮದ ಹೆಸರು ಹೇಳಿಕೊಂಡು ಬೇರೆ ಊರಿಗೆ ಹೋಗಬಾರದು ಎಂಬುದು ಒಂದು ಕಾರಣ. ಸುಮ್ಮಸುಮ್ಮನೆ ಯಾರೂ ಬೇಡ ಎನ್ನಬಾರದು ಎಂಬುದು ಇನ್ನೊಂದು.

ಮೊದಲ ಸಲ ಈರಭದ್ರ ಎತ್ತಿದ ಸುತ್ತಿಗೆಯನ್ನು ಒಮ್ಮೆ ಕೆಳಗಿಟ್ಟು, ಆಮೇಲೆ ಹೊಡೆದಿದ್ದ. ಬೇಸಿಗೆಯ ಹೊತ್ತಿಗೆ ಕೈಗೆ ಅಭ್ಯಾಸವಾಗಿತ್ತು.

ಒಮ್ಮೆ ಓಬಳ ಊದುತ್ತಿದ್ದಾಗ ನೀರಿನಲ್ಲಿದ್ದ ಎಮ್ಮೆಗಳು ಎದ್ದು ಬಂದು ಅವನ ಮುಂದೆ ನಿಂತವು. ನಿನ್ನ ನಾದಕ್ಕೆ ತಕ್ಕ ಸಭೆ ಎಂದು ಈರಭದ್ರ ಹಂಗಿಸಿದ. ಓಬಳನಿಗೆ ಸಿಟ್ಟು ಬರಲಿಲ್ಲ.

"ಅವು ನನ್ನ ಮುಖ ನೋಡಿಕೊಂಡು ಕೇಳ್ತವೆ ಈರಣ್ಣ" ಎಂದ.

*

ಮತ್ತೆ ಶ್ರಾವಣ ಬಂತು.

ಎಳೆ ಕಡಿದು ವರ್ಷ ತುಂಬಿದರೆ ಜೋಡಿ ತೀರಿತು ಎಂದೇ ಲೆಕ್ಕ. ಎರಡೂ ಕೊಂಬನ್ನು ಕರಗಿಸಿ ಗಂಟೆ ಎರೆಯುತ್ತಾರೆ. ಅಲ್ಲಿಗೆ ಕೊಂಬಿನ ಸೇವೆ ಮುಗಿಯಿತು. ಹುಣ್ಣಿಮೆ ನಾಳೆ ಬೆಳಗ್ಗೆ. ಕೊಂಬು ಇವತ್ತು ಸಿಗಬೇಕು. ಸಿಗದಿದ್ದರೆ ಈರಭದ್ರನ ಕೊಂಬೂ ಮೂಸೆಗೆ, ಚೀಲದೊಳಗಿನದೂ ಮೂಸೆಗೆ.

ಕಾಳಾಚಾರಿ ಮಧ್ಯಾಹ್ನ ಗಾಡಿಯಲ್ಲಿ ಮೂರು ಕೊಂಬು ತಂದ. ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿದ ಅವುಗಳ ಮೈಯನ್ನು ಇನ್ನೊಮ್ಮೆ ಒರೆಸಿ, ದೂರ ಹೋಗಿ ಕೂತ.

ಆ ದಿನ ಗುರುಗಳೂ ಹಾಯ್ಗಡಕ್ಕೆ ಬಂದರು. ವರ್ಷದಲ್ಲಿ ಅದೇ ಮೊದಲು.

ಮೊದಲನೆಯ ಕೊಂಬಿನ ನಾದ ಒಡಕಾಗಿತ್ತು. ಎರಡನೆಯದು ಹೊತ್ತರೆ ನಾಲ್ಕು ಹೆಜ್ಜೆಗೆ ಕತ್ತು ಬಗ್ಗುತ್ತಿತ್ತು. ಎರಡಕ್ಕೂ ಈರಭದ್ರ ಸುತ್ತಿಗೆ ಹಾಕಿದ.

ಮೂರನೆಯದನ್ನು ಅಳೆದ. ದಾರ ಎರಡು ಬೆರಳು ಮಿಕ್ಕಿತು. ತೂಗುಬಿಟ್ಟ. ಬಾಯಿ ಸರ್ರನೆ ಕೆಳಗೆ ವಾಲಿತು. ಓಬಳ ಊದಿದ. ಈರಭದ್ರ ಕಣ್ಣು ಮುಚ್ಚಿ ಕೇಳಿದ. ನಾದ ತೆಳ್ಳಗಿತ್ತು. ಒಂದು ಪಕ್ಕ ಖಾಲಿ ಇದ್ದ ಹಾಗಿತ್ತು, ಮಗ್ಗುಲು ಬರಿದಾದ ಹಾಸಿಗೆಯ ಹಾಗೆ.

"ಮೂರರಲ್ಲಿ ಇದೇ ಕೀಳು" ಎಂದ.

ಗುರುಗಳು ಕೇಳಿದರು: "ಇನ್ನೊಮ್ಮೆ ಕೇಳುತ್ತೀಯಾ?"

ಅವನು ಎದ್ದು ಹೋಗಿ ಇನ್ನೊಮ್ಮೆ ದಾರ ಹಿಡಿದು ಅಳೆದ. ಅಳತೆ ಬದಲಾಗಿರಲಿಲ್ಲ.

"ಎರಡು ಬೆರಳು ಕಡಿಮೆ ಅಪ್ಪಾವರೇ. ಬಾಯಿ ವಾಲುತ್ತದೆ. ನಾದದಲ್ಲಿ ತಿರುಳಿಲ್ಲ."

"ಇನ್ನೊಮ್ಮೆ ಕೇಳು, ಈರ."

ಈರಭದ್ರನಿಗೆ ಬೇಸರವಾಯಿತು. ವರ್ಷವಿಡೀ ಕೇಳಿದ ಕಿವಿ ಅದು. ಸತ್ತವನ ಕೊಂಬಿಗೆ ಇಂಥದ್ದನ್ನು ಸಮ ಎನ್ನುವುದಕ್ಕಿಂತ ಎರಡೂ ಕರಗಿ ಗಂಟೆಯಾಗುವುದು ಮೇಲು ಎಂದುಕೊಂಡ. ಸುತ್ತಿಗೆ ತೆಗೆದುಕೊಂಡ.

ಓಬಳ ಕೊಂಬನ್ನು ಹಿಡಿದೇ ಇದ್ದ. ಗುರುಗಳು ಅವನತ್ತ ನೋಡಿ ತಲೆಯಾಡಿಸಿದರು. ಅವನು ಅದನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದ.

ಈರಭದ್ರ ಹೊಡೆದ.

ಕಂಚು ಕೂಗಿತು. ಬಾಯಿಯ ಅಂಚು ಒಳಕ್ಕೆ ನೆಗ್ಗಿತು.

ಕಾಳಾಚಾರಿ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಮುಚ್ಚಿಕೊಂಡ. ಎಷ್ಟೋ ಕೊಂಬು ಒಡೆದಾಗ ಅವನು ಹೀಗೆ ಮಾಡಿರಲಿಲ್ಲ. ಈರಭದ್ರ ಸುತ್ತಿಗೆ ಹಿಡಿದುಕೊಂಡೇ ಅವನನ್ನು ನೋಡಿದ.

ಗುರುಗಳು ಹೇಳಿದರು: "ಹೋಗಿ ಗೋಡೆಯ ಮೇಲಿನ ಚೀಲ ತಾ."

ಅವನಿಗೆ ಕೇಳಿಸಿದ್ದು ನಿಜವೇ ಎನ್ನಿಸಿತು. ವರ್ಷದಿಂದ ಆ ಚೀಲದ ಹೆಸರನ್ನು ಅವನ ಮುಂದೆ ಯಾರೂ ಎತ್ತಿರಲಿಲ್ಲ. ಆದರೆ ಗುರುಗಳ ಮಾತು. ಸೇವೆ ಮುಗಿಯಿತಲ್ಲ, ಇನ್ನು ಮೂಸೆಗೆ ಕೊಡಲೇಬೇಕು ಎಂದು ತನಗೆ ತಾನೇ ಹೇಳಿಕೊಂಡು ಹೋದ.

ಗೂಟದಿಂದ ಚೀಲ ಇಳಿಸಲು ಎರಡೂ ತೋಳು ಚಾಚಿ, ಭಾರಕ್ಕೆ ಕಾಲು ಊರಿ ನಿಂತ.

ಭಾರ ಬರಲಿಲ್ಲ. ಚೀಲ ಕೂಸಿನ ಬಟ್ಟೆಯಂತೆ ಹಗುರವಾಗಿ ಕೈಗೆ ಬಂತು.

ಅಲ್ಲೇ ನಿಂತು ಬಿಚ್ಚಿದ. ಬಾಗಿಸಿ ಕಟ್ಟಿದ ಬಿದಿರು. ಅದರ ಸುತ್ತ ಒಣಹುಲ್ಲು.

*

ಹೇಗೆ ಹಾಯ್ಗಡಕ್ಕೆ ಬಂದನೋ ಅವನಿಗೆ ಗೊತ್ತಿಲ್ಲ. ಕೈಯಲ್ಲಿ ಹುಲ್ಲು ಇತ್ತು. ಕಲ್ಲಿನ ಮೇಲೆ ನೆಗ್ಗಿದ ಕೊಂಬು ಇತ್ತು. ಮೂವರೂ ಅವನನ್ನು ನೋಡುತ್ತಿದ್ದರು. ತಾನು ಹೊಡೆದದ್ದು ಮಾಳಿಂಗನ ಕೊಂಬನ್ನೇ ಎಂದು ಅವನಿಗೆ ತಿಳಿಯಿತು.

ಕೊಂಬಿನ ಪಕ್ಕ ಕೂತ. ಮುಟ್ಟಲು ಕೈ ಚಾಚಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಕಾಳಾಚಾರಿ ಮುಖದ ಮೇಲಿನ ವಸ್ತ್ರ ತೆಗೆದು ಹೇಳಿದ. ಮಾಳಿಂಗ ಬಿದ್ದ ದಿನ ಮೆಟ್ಟಿಲಿಗೆ ತಗುಲಿ ಕೊಂಬಿನ ಮೈ ಜಜ್ಜಿ ಹೋಗಿತ್ತಂತೆ. ಮಾರನೆಯ ದಿನ ಬೆಳಗ್ಗೆಯೇ ಗುರುಗಳು ಅದನ್ನು ಅವನ ಮನೆಗೆ ಕಳಿಸಿದ್ದರು. ನಡುವಿನ ಬಳೆ ಬದಲಾಯಿಸಿ, ಮಾಳಿಂಗನ ಕಾಲದ ಹಳೆಯ ನೆಗ್ಗುಗಳನ್ನೂ ಒಂದೊಂದಾಗಿ ಎತ್ತಿ, ಹೊಸದರಂತೆ ಮಾಡಿ ಇಟ್ಟಿದ್ದ. ಇವತ್ತೇ ತಾ ಎಂದು ಅಪ್ಪಣೆಯಾಗಿತ್ತು.

"ಒಂದು ವರ್ಷ ನೆಗ್ಗು ತೆಗೆದೆ ಮಾರಾಯ" ಎಂದ ಕಾಳಾಚಾರಿ. "ಒಂದು ಗಳಿಗೆಯಲ್ಲಿ ಕೂರಿಸಿಬಿಟ್ಟೆಯಲ್ಲ."

ಈರಭದ್ರ ಗುರುಗಳ ಕಡೆ ತಿರುಗಿದ.

"ಚೀಲದಲ್ಲಿ ಹುಲ್ಲು ಇಟ್ಟವರು ನೀವೇ?"

"ನಾನೇ."

"ಒಂದು ವರ್ಷ ನಾನು ಹುಲ್ಲಿನ ಮುಂದೆ ನಿಂತೆ."

"ನೀನು ಕೇಳಿದ್ದು ಚೀಲ. ಚೀಲ ಕೊಟ್ಟೆ. ಒಳಗೆ ಏನಿದೆ ಎಂದು ನೀನು ಕೇಳಿದ ದಿನ ಹೇಳುತ್ತಿದ್ದೆ."

"ಸುತ್ತಿಗೆ ಎತ್ತಿದಾಗ ತಡೆಯಬಹುದಿತ್ತು."

"ಇನ್ನೊಮ್ಮೆ ಕೇಳು ಎಂದೆ. ನೀನು ಅಳೆದೆ."

ಈರಭದ್ರ ದಾರವನ್ನು ಎತ್ತಿ ತೋರಿಸಿದ. ಅದೊಂದೇ ಅವನಿಗೆ ಉಳಿದಿದ್ದ ಸಾಕ್ಷಿ. ಮಾಳಿಂಗನ ಕೊಂಬು ಎರಡು ಬೆರಳು ದೊಡ್ಡದಾಗಿತ್ತು, ಇದು ಹೇಗೆ ಅದಾದೀತು ಎಂದ.

ಗುರುಗಳು ಓಬಳನಿಗೆ ಈರಭದ್ರನ ಕೊಂಬನ್ನು ತರಲು ಹೇಳಿದರು. ಎರಡನ್ನೂ ಕಲ್ಲಿನ ಮೇಲೆ ಬುಡಕ್ಕೆ ಬುಡ ಸೇರಿಸಿ ಇಡಿಸಿದರು. ಒಂದೇ ಅಳತೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಅವನದು ದೊಡ್ಡದು ಎಂದು ನಿನಗೆ ಯಾವಾಗಿನಿಂದ ಅನ್ನಿಸಿತು?"

"ಮೊದಲಿನಿಂದಲೂ."

"ಅವನು ಇದ್ದಾಗಲೂ?"

ಈರಭದ್ರ ನೆನಪು ಮಾಡಿಕೊಂಡ. ಮಾಳಿಂಗ ಇದ್ದಾಗ ಇಬ್ಬರೂ ಯಾವ ಕೊಂಬು ಯಾರದ್ದು ಎಂದು ಕತ್ತಲಲ್ಲಿ ತಡಕಾಡುತ್ತಿದ್ದರು. ಒಮ್ಮೆ ಅದಲು ಬದಲಾಗಿ, ಹೆಗಲಿಗೆ ಏರಿಸುವ ಮೊದಲು ಗೊತ್ತಾಗಿ ನಕ್ಕಿದ್ದರು. ಅವನು ದಾರವನ್ನು ಕೆಳಗಿಟ್ಟ.

"ಆದರೆ ಅವನ ಕೊಂಬಿನ ಬಾಯಿ ಎಂದೂ ವಾಲಿರಲಿಲ್ಲ, ಅಪ್ಪಾವರೇ. ನಾನು ಪಕ್ಕದಲ್ಲೇ ನಡೆದವನು. ನೆಟ್ಟಗೆ ಇರುತ್ತಿತ್ತು."

"ವಾಲುತ್ತಿತ್ತು. ಅವನು ಎತ್ತಿ ಹಿಡಿಯುತ್ತಿದ್ದ."

ಮಾಳಿಂಗನ ಎಡಗೈ ಮಣಿಕಟ್ಟಿನ ಮೇಲೆ ಒಂದು ಗಡ್ಡೆಯಿತ್ತು, ನೆಲ್ಲಿಕಾಯಿಯಷ್ಟು. ಅದೇನೋ ಎಂದು ಈರಭದ್ರ ಎಷ್ಟೋ ಸಲ ಕೇಳಿದ್ದ. ಅದು ನನ್ನ ಆಸ್ತಿ ಎಂದು ಹೇಳಿ ಮಾಳಿಂಗ ಮಾತು ಹಾರಿಸುತ್ತಿದ್ದ. ತನ್ನ ಕೊಂಬು ಭಾರ ಎಂದು ಅವನು ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದರೆ ತಾನು ಬದಲಾಯಿಸಿಕೊಳ್ಳುತ್ತಿದ್ದೆನೇ ಎಂದು ಈರಭದ್ರ ಯೋಚಿಸಿದ.

ಬಿಸಿಲು ಇಳಿಯುತ್ತಿತ್ತು. ಎಮ್ಮೆಗಳು ನೀರಿನಿಂದ ಎದ್ದು ಮನೆಯ ದಾರಿ ಹಿಡಿದವು.

ಅಳತೆ ಹೋಯಿತು, ಸಮತೂಕವೂ ಹೋಯಿತು. ನಾದ ಒಂದು ಉಳಿದಿತ್ತು. ಅವನು ಬಹಳ ಮೆಲ್ಲಗೆ, ಗುರುಗಳಿಗಿಂತ ಹೆಚ್ಚಾಗಿ ತನಗೇ ಎಂಬಂತೆ ಹೇಳಿದ:

"ನಾದ ಸುಳ್ಳಾಗುವುದಿಲ್ಲ. ಅವನ ನಾದ ನನ್ನ ಕಿವಿಯಲ್ಲಿದೆ. ಇದು ಅದಲ್ಲ."

ಗುರುಗಳು ಬಂದು ಅವನ ಎದುರಿಗೆ ಕೂತರು. ಮುದಿ ಮಂಡಿಗಳು ಕಟಕಟ ಎಂದವು.

"ಈರ, ನೀನು ಊದದೆ ಇದ್ದಾಗ ಮಾಳಿಂಗನ ಕೊಂಬನ್ನು ಎಂದಾದರೂ ಕೇಳಿದ್ದೀಯಾ?"

ಆಶ್ರಮದಲ್ಲಿ ಒಂಟಿ ಕೊಂಬು ಊದುವುದಿಲ್ಲ. ಕಲಿತ ಮೊದಲ ದಿನದಿಂದ ಇಬ್ಬರೂ ಕೂಡಿಯೇ ಊದಿದ್ದರು.

"ನಾನು ಉಸಿರು ತೆಗೆದುಕೊಳ್ಳುವಾಗ ಕೇಳುತ್ತಿದ್ದೆ."

"ಆಗ ನಿನ್ನ ನಾದ ನಿನ್ನ ಕಿವಿಯಲ್ಲಿ ಇನ್ನೂ ಆರಿರುತ್ತಿರಲಿಲ್ಲ."

ಈರಭದ್ರ ನೆಗ್ಗಿದ ಕೊಂಬಿನ ಕಡೆ ನೋಡಿದ.

"ನೀನು ವರ್ಷವಿಡೀ ಬಾಯಿ ಮುಚ್ಚಿಕೊಂಡು ಕೂತು ಹುಡುಕಿದೆ" ಎಂದರು ಗುರುಗಳು. "ನೀನು ಹುಡುಕಿದ ನಾದದಲ್ಲಿ ಅರ್ಧ ನಿನ್ನ ಹೆಗಲ ಮೇಲಿನ ಕೊಂಬಿನದು."

ಈರಭದ್ರ ಹಣೆಯನ್ನು ನೆಗ್ಗಿದ ಕಂಚಿಗೆ ಹಚ್ಚಿದ. ವರ್ಷದಿಂದ ಬಾರದಿದ್ದ ಅಳು ಆಗ ಬಂತು. ಅವನ ಅಳು ಕೊಂಬಿನ ಒಳಗೆ ಹೋಗಿ ದೊಡ್ಡದಾಗಿ ಹೊರಗೆ ಬಂತು. ಅದನ್ನು ಕೇಳಿ ಅವನೇ ಬೆಚ್ಚಿದ.

ಓಬಳ ಮುಖ ತಿರುಗಿಸಿಕೊಂಡು ಹೊಳೆಯನ್ನು ನೋಡುತ್ತ ನಿಂತ.

ರಾತ್ರಿಯೊಳಗೆ ಈ ನೆಗ್ಗನ್ನು ತೆಗೆದುಕೊಡುತ್ತೇನೆ ಎಂದು ಕಾಳಾಚಾರಿ ಎದ್ದ. ಗುರುಗಳು ಬೇಡವೆಂದರು. ಹಾಗೆಯೇ ಇರಲಿ, ಕತ್ತಲಲ್ಲಿ ಯಾವುದು ಯಾರದ್ದು ಎಂದು ಇನ್ನು ತಡಕಾಡಬೇಕಾಗಿಲ್ಲ ಎಂದರು.

*

ಬೆಳಗಾಯಿತು. ಹೊಳೆ ಕೆಂಪಾಗಿ ಮೆಟ್ಟಿಲಿಗೆ ಬಂದಿತ್ತು.

ಪಾದುಕೆಯ ಮುಂದೆ ಬಲಗಡೆಗೆ ಈರಭದ್ರ ನಿಂತ. ಎಡಗಡೆಗೆ ಓಬಳ ಮಾಳಿಂಗನ ಕೊಂಬನ್ನು ಹೆಗಲಿಗೆ ಏರಿಸಿಕೊಂಡ. ಬಾಯಿ ಮುಂದಕ್ಕೆ ವಾಲಿತು. ಅವನು ಎಡಗೈ ಕೊಟ್ಟು ಎತ್ತಿ ಹಿಡಿದ. ಈರಭದ್ರ ಆ ಕೈಯನ್ನೇ ನೋಡಿದ.

"ಭಾರವೇನೋ?" ಎಂದು ಕೇಳಿದ.

"ಭಾರವೇ ಈರಣ್ಣ" ಎಂದ ಓಬಳ.

"ಹಿಂದಿರುಗಿ ಬರುವಾಗ ಬದಲಾಯಿಸಿಕೊಳ್ಳೋಣ."

ಇಬ್ಬರೂ ಊದಿದರು.

ಒಂದು ವರ್ಷ ನಿಂತಿದ್ದ ನಾದ ಬಾಗಿಲಿನಿಂದ ಹೊರಟಿತು. ಈರಭದ್ರನ ಮೈ ಝುಮ್ಮೆಂದಿತು. ಎಡಗಿವಿಯ ಬರಿದಾದ ಜಾಗ ತುಂಬಿಕೊಂಡಿತು. ನೆಗ್ಗಿನಿಂದಾಗಿ ಒಂದು ಸಣ್ಣ ನಡುಕ ಅದರಲ್ಲಿ ಹೊಸದಾಗಿ ಸೇರಿತ್ತು. ಉಳಿದದ್ದೆಲ್ಲ ಅವನು ವರ್ಷವಿಡೀ ಹುಡುಕಿದ್ದೇ. ಅವನ ಹೆಜ್ಜೆ ತಪ್ಪಿತು, ಮತ್ತೆ ಸರಿಹೋಯಿತು.

ಓಬಳ ಮೊದಲು ಉಸಿರು ತೆಗೆದುಕೊಂಡ. ಈರಭದ್ರ ಎಳೆಯನ್ನು ಹಿಡಿದ. ಓಬಳ ಬಂದು ಸೇರಿಕೊಂಡ.

ಈಗ ಈರಭದ್ರನ ಸರದಿ.

ಅವನು ಬಿಡಲಿಲ್ಲ. ಮೆಟ್ಟಿಲು ಬಂತು. ಮಾಳಿಂಗ ಬಿದ್ದ ಮೆಟ್ಟಿಲು ಬಂತು. ಎದೆ ಉರಿಯಿತು, ಕಣ್ಣು ಕತ್ತಲಿಟ್ಟಿತು. ತಾನು ಬಿಟ್ಟ ಕ್ಷಣ ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂದು ಅವನ ಮೈಗೆ ಗೊತ್ತಿತ್ತು. ತಿರುಗಿ ನೋಡಲು ಕೊಂಬು ಬಿಡದು. ಕತ್ತಿನ ನರ ಉಬ್ಬಿದವು. ಅವನು ಇನ್ನೂ ಹಿಡಿದ.

ಹಿಂದಿನಿಂದ ಒಂದು ಮುದಿ ಕೈ ಬಂದು ಅವನ ಬೆನ್ನ ಮೇಲೆ ಕೂತಿತು.

"ಉಸಿರು ತಗೋ, ಈರ" ಎಂದರು ಗುರುಗಳು. "ಅವನು ಹಿಡಿದಿದ್ದಾನೆ."